ಗಂಟೆ ಬಾರಿಸಿದ ಮೇಲೆ

"ಮ್ಯಾಡಮ್, ಲಿಸ್ಟಿನ್ಯಾಗ ನಿಮ್ಮ ಹೆಸರೇ ಇಲ್ರಿ," ಎಂದು ವೈಷ್ಣವಿ ಮೊಬೈಲ್ ತಿರುಗಿಸಿ ತೋರಿಸಿದಳು. ವಿದ್ಯಾರ್ಥಿಗಳು ಅಧ್ಯಾಪಕರಿಗೆ ಅಂಕ ಕೊಡುವ ಫಾರ್ಮ್ ಅದು. ಅರ್ಥಶಾಸ್ತ್ರದ ಎದುರು ವಿಭಾಗದ ಮುಖ್ಯಸ್ಥ ಬಿಂದುಮಾಧವ ಸರ್ ಹೆಸರಿತ್ತು. ಈ ವರ್ಷ ಅವರು ಈ ಕ್ಲಾಸಿಗೆ ಒಮ್ಮೆಯೂ ಬಂದಿರಲಿಲ್ಲ. ಕಲಿಸಿದವಳು ಮೃದುಲಾ. ಅವಳಂತೆ ತಾಸಿನ ಲೆಕ್ಕದಲ್ಲಿ ಪಾಠ ಮಾಡಿ, ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕುವವರ ಹೆಸರು ಫಾರ್ಮಿನಲ್ಲಿ ಬರುವುದಿಲ್ಲ.

"ಮಗ್ ಝೀರೋ ದೇಊ ಕಾ?" ಹಾಗಾದರೆ ಸೊನ್ನೆ ಕೊಡಲೇ ಎಂದು ಹಿಂದಿನ ಬೆಂಚಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಸೊನ್ನೆ ಬಿದ್ದರೆ ಮುಂದಿನ ವರ್ಷ ಈ ವಿಷಯವನ್ನೇ ಕೈಬಿಡುತ್ತಾರೆ, ಅದರೊಂದಿಗೆ ತನ್ನ ತಾಸುಗಳೂ ಹೋಗುತ್ತವೆ ಎಂಬುದು ಮೃದುಲಾಗೆ ಗೊತ್ತಿತ್ತು. ನನ್ನ ಪಾಠ ನೆನೆಸಿಕೊಂಡು ಕೊಡಿ ಎಂದು ಮರಾಠಿಯಲ್ಲೇ ಹೇಳಿದಳು. ಎಲ್ಲರೂ ಐದಕ್ಕೆ ಐದು ಒತ್ತತೊಡಗಿದರು. ಇನ್ನೊಬ್ಬರ ಹೆಸರಿಗೆ ಹೋಗುವ ಅಂಕವೆಂದು ತಿಳಿದೂ ಅವಳು ಕತ್ತು ಚಾಚಿ ಒಂದೊಂದೇ ಮೊಬೈಲ್ ನೋಡಿದಳು.

ಬೀದರಿನಿಂದ ಈ ಮರಾಠಿ ಸೀಮೆಯ ವಾಳೂಜ್‌ನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರ ಮಗಳು ವೈಷ್ಣವಿ. ಅವಳೊಡನೆ ಮಾತ್ರ ಕನ್ನಡ. "ಗಂಟಿ ಹೊಡದ ಮ್ಯಾಲೂ ನಿಂತು ಡೌಟ್ ಬಿಡಸ್ತಾರೇನು ಅಂತ ಕೇಳ್ಯಾರ‍್ರಿ," ಎಂದು ನಗುತ್ತಾ ಐದು ಒತ್ತಿದಳು. ಫಾರ್ಮಿನ ಕೊನೆಯ ಪ್ರಶ್ನೆ ಓದಿ ತಲೆಯೆತ್ತಿದಳು. "ಮುಂದಿನ ವರ್ಷಾನೂ ಇವರೇ ಬೇಕೇನು ಅಂತದ. ಹೌದು ಅಂತ ಒತ್ತೀನ್ರಿ. ನೀವು ಬರ್ತೀರಲ್ಲ?"

ಇಲ್ಲಿ ಕಲಿಸಿದ ಆರು ವರ್ಷಗಳಲ್ಲಿ ಮೃದುಲಾಳನ್ನು ಯಾರೂ ಕೇಳದ ಪ್ರಶ್ನೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಗಂಟೆಯ ನಂತರದ ಒಂದು ಪ್ರಶ್ನೆಗೂ ಉತ್ತರಿಸದೆ ಹೋದವಳಲ್ಲ ಮೃದುಲಾ. ಅಂದು ಚೀಲ ಎತ್ತಿಕೊಂಡು ಹೊರಟುಬಿಟ್ಟಳು.