ಸಾದಾ ಪೆಟ್ರೋಲು

ಎಥನಾಲ್ ಬೆರೆಸಿದ ಪೆಟ್ರೋಲು ಎಂಜಿನ್ನನ್ನು ಒಳಗಿಂದೊಳಗೇ ತಿಂದುಹಾಕುತ್ತದೆ ಎಂದು ನಂಬಿದ್ದ ಗಂಡ, ಕಾರಿಗೆ ಎಥನಾಲ್ ಇಲ್ಲದ ದುಬಾರಿ ಪ್ರೀಮಿಯಂ ಪೆಟ್ರೋಲನ್ನೇ ಕುಡಿಸುತ್ತಿದ್ದ. ದಿನಾ ಆಫೀಸಿಗೆ ಹೋಗಿಬರುವ ಗಾಡಿಗೆ ಅದೆಲ್ಲ ಯಾಕೆಂದು ವನಮಾಲಾ ಎಷ್ಟು ಗೊಣಗಿದರೂ ಅವನು ಕಿವಿಗೆ ಹಾಕಿಕೊಂಡವನಲ್ಲ.

ಇಂದು ಬಂಕಿನಲ್ಲಿ ಅವನು ಗಾಜು ಇಳಿಸಿ, "ಸಾದಾದೇ ಹಾಕಪ್ಪ, ಫುಲ್ ಟ್ಯಾಂಕ್" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೊನೆಗೂ ತನ್ನ ಮಾತು ನಡೆಯಿತಲ್ಲ!

"ಅಂತೂ ಬುದ್ಧಿ ಬಂತು ನಿಮಗೆ. ಈಗ ಎಂಜಿನ್ ಹಾಳಾಗಲ್ವೇನ್ರೀ?"

"ಆಗುತ್ತೆ."

"ಮತ್ತೆ? ಗಾಡಿ ಮಾರ್ತಿದೀರಾ?"

"ಇಲ್ಲ." ಅವನು ಪಂಪಿನ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ವಕೀಲ್ರು ಹೇಳಿದ್ರು, ಡೈವೋರ್ಸ್ ಆದ್ಮೇಲೆ ಕಾರು ನಿನಗೇ ಬಿಡ್ಬೇಕಂತೆ."