‘ಬಿಡು’ ಎಂಬ ಕ್ರಿಯಾಪದ

ವೈಜಯಂತಿ ಬರೆಯುತ್ತಿದ್ದ ಕಂಪ್ಯೂಟರ್ ಆಟದಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರ. ಆಡುವವರು ‘ದೀಪ ಹಚ್ಚು’ ಎಂದು ಟೈಪ್ ಮಾಡಿದರೆ ಕಥೆಯೊಳಗಿನ ಹೆಂಗಸು ದೀಪ ಹಚ್ಚುತ್ತಾಳೆ. ವಾರದಿಂದ ಅವಳ ಜೀವ ಹಿಂಡುತ್ತಿದ್ದುದು ‘ಬಿಡು’ ಎಂಬ ಒಂದು ಮಾತು. ಆಟಕ್ಕೆ ಅದರ ಒಂದೇ ಅರ್ಥ ಗೊತ್ತಿತ್ತು: ಕೈಯಲ್ಲಿರುವುದನ್ನು ಕೆಳಗೆ ಹಾಕುವುದು. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಹಿಂದಿನ ದಿನ ರಜೆಗೆಂದು ಹೇಳಿಕೊಂಡು ತವರಿಗೆ ಬಂದಿದ್ದ ಅಕ್ಕ ವಾರಿಜಳ ಜೊತೆ ಕೂತು ಮಾತಾಡಲೂ ಅವಳಿಗೆ ಆಗಿರಲಿಲ್ಲ. ಈಗ ಪರೀಕ್ಷೆಗೆ ಅವಳನ್ನೇ ಕೂರಿಸಿದಳು. ಅಕ್ಕ ‘ಮನೆ ಬಿಡು’ ಎಂದು ಟೈಪ್ ಮಾಡಿದಳು.

‘ನಿಮ್ಮ ಕೈಯಲ್ಲಿ ಮನೆ ಇಲ್ಲ’ ಎಂದಿತು ಆಟ.

ಅಕ್ಕ ನಗಲಿಲ್ಲ. ವೈಜಯಂತಿ ಉರಿಯುವ ಕಣ್ಣುಜ್ಜಿಕೊಂಡು, ತೊರೆದು ಹೊರಡುವುದಕ್ಕೂ ‘ಬಿಡು’ ಎನ್ನುತ್ತಾರೆಂದು ನಿಯಮಕ್ಕೆ ಸೇರಿಸಿದಳು. “ಇನ್ನೊಂದ್ಸಲ ಹೊಡಿ ಅಕ್ಕ.”

ಅಕ್ಕ ಅದನ್ನೇ ಹೊಡೆದಳು. ಕಥೆಯ ಹೆಂಗಸಿಗೆ ಎರಡು ಮನೆಗಳಿದ್ದುದರಿಂದ ಈ ಸಲ ಆಟ ಮರುಪ್ರಶ್ನೆ ಹಾಕಿತು: ‘ಯಾವ ಮನೆ? ಗಂಡನ ಮನೆಯೋ, ತವರುಮನೆಯೋ?’

“ಅಬ್ಬಾ, ಕೊನೆಗೂ ಅರ್ಥವಾಯ್ತು ಇದಕ್ಕೆ!” ವೈಜಯಂತಿ ಕುರ್ಚಿಗೆ ಒರಗಿದಳು. ಅಕ್ಕನ ಬೆರಳುಗಳು ಮಾತ್ರ ಕೀಬೋರ್ಡಿನ ಮೇಲೆ ಹಾಗೇ ನಿಂತಿದ್ದವು. “ಯಾಕೆ ಸುಮ್ಮನಾದೆ? ಯಾವುದಾದ್ರೂ ಒಂದು ಹೊಡಿ, ಬರೀ ಟೆಸ್ಟ್ ಅಲ್ವಾ?”

“ಗಂಡನ ಮನೆ ನಿನ್ನೆನೇ ಬಿಟ್ಟು ಬಂದಾಯ್ತು ಕಣೆ,” ಎಂದಳು ಅಕ್ಕ, “ಇದೊಂದನ್ನ ಬಿಡಿಸ್ಬೇಡ.”