ಹಳದಿ ಕೋಟಿನ ಬೆನ್ನು

ಧ್ವನಿವರ್ಧಕದಲ್ಲಿ ಮಗಳು ಮಿನೋರಿಯ ಹೆಸರು ಕೇಳಿದ್ದೇ ತಡ, ಹಳದಿ ಕೋಟು ತೊಟ್ಟಿದ್ದ ತೊಮೊಯೆ ಹಿಮದ ಇಳಿಜಾರಿಗೆ ಬೆನ್ನು ತಿರುಗಿಸಿ ನಿಂತಳು. ಬೇಲಿಗೆ ಒತ್ತಿಕೊಂಡಿದ್ದ ಜನರೆಲ್ಲ ಸ್ನೋಬೋರ್ಡಿನವರು ಹಾರುವ ದಿಬ್ಬದತ್ತ ಕತ್ತೆತ್ತಿದ್ದರೆ, ಅವಳೊಬ್ಬಳ ಮುಂದೆ ಇದ್ದದ್ದು ಸೂಪು ಮಾರುವ ಕುರಾಶಿನಾನ ಹಂಡೆ.

"ಇವತ್ತೂ ನನ್ನ ಹಂಡೇನೇ ನೋಡೋದಾ ಅಕ್ಕಾ? ಮಿನೋರಿಗೆ ಇದೇ ಕೊನೇ ಸ್ಪರ್ಧೆ. ನನ್ನ ಮೂಲಂಗಿ ಎಲ್ಲಿಗೂ ಹಾರಿಹೋಗಲ್ಲ, ಆ ಕಡೆ ತಿರುಗಿ," ಎಂದ ಕುರಾಶಿನಾ.

"ಹಂಡೆ ಉಕ್ತಾ ಇದೆ, ಅದನ್ನ ನೋಡ್ಕೋ ನೀನು," ಎಂದಳು.

ಬೆಳಿಗ್ಗೆ ಮಗಳೂ ಅದನ್ನೇ ಕೇಳಿದ್ದಳು. ಸ್ನೋಬೋರ್ಡಿನ ತಳಕ್ಕೆ ಮೇಣ ಉಜ್ಜುತ್ತಾ, ತಲೆ ಎತ್ತದೆ, "ಅಮ್ಮಾ, ಇವತ್ತೊಂದಿನ ನೋಡ್ತೀಯಾ?" ಎಂದಿದ್ದಳು. ತೊಮೊಯೆ ಅನ್ನದ ಉಂಡೆಯೊಂದನ್ನು ಅವಳ ಜೇಬಿಗೆ ತುರುಕಿದ್ದಳು. ಆರು ಚಳಿಗಾಲಗಳ ಹಿಂದೆ ಮಿನೋರಿ ತೊಡೆಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ, ತೊಮೊಯೆ ದೇವದಾರು ತೋಪಿನ ದೇಗುಲದಲ್ಲಿ ಹರಕೆ ಹೊತ್ತಿದ್ದಳು. ಹರಕೆಗೆ ಅತಿ ಇಷ್ಟವಾದದ್ದನ್ನೇ ಬಿಡಬೇಕು. ಅವಳ ಅಪ್ಪ ಒಮ್ಮೆ ಮದ್ಯ ಬಿಟ್ಟಿದ್ದ, ಅತ್ತೆ ಚಹಾ ಬಿಟ್ಟಿದ್ದಳು. ತೊಮೊಯೆಗೆ ಮಗಳು ಗಾಳಿಯಲ್ಲಿ ಗಿರಗಿರ ತಿರುಗುವುದನ್ನು ನೋಡುವುದಕ್ಕಿಂತ ಇಷ್ಟವಾದದ್ದು ಯಾವುದೂ ಇರಲಿಲ್ಲ. ಕೊನೆಯ ಸ್ಪರ್ಧೆಯವರೆಗೂ ಅವಳು ಕಾಲ ಮೇಲೆ ನಿಂತೇ ಇಳಿಯಲಿ, ನಾನು ನೋಡುವುದಿಲ್ಲ ಎಂದುಬಿಟ್ಟಿದ್ದಳು. ಟೀವಿಯಲ್ಲೂ ನೋಡಲಿಲ್ಲ. ಮಗಳಿಗೆ ಹೇಳಿದರೆ ಆ ಭಾರವನ್ನೂ ಹೊತ್ತು ಅವಳೇ ಹಾರಬೇಕಲ್ಲ ಎಂದು ಯಾರಿಗೂ ಹೇಳಲಿಲ್ಲ.

ಹಲಗೆ ಹಿಮ ಸೀಳುವ ಸದ್ದು ಹತ್ತಿರವಾಯಿತು. ನಿಂತುಹೋಯಿತು. ಈಗ ಅವಳು ಗಾಳಿಯಲ್ಲಿದ್ದಾಳೆ. ತೊಮೊಯೆ ಸೂಪಿನಲ್ಲಿ ಮೇಲೇಳುತ್ತಿದ್ದ ಗುಳ್ಳೆಯೊಂದನ್ನೇ ನೋಡಿದಳು. ಧಪ್. ಆಮೇಲೆ ಉದ್ದಕ್ಕೆ ಎಳೆದ ಸರ್ರೆಂಬ ಸದ್ದು.

"ಇಳಿದ್ಲು ಅಕ್ಕಾ! ನಿಂತೇ ಇಳಿದ್ಲು!" ಕುರಾಶಿನಾ ಸೌಟು ಎತ್ತಿ ಕುಣಿದ. ತೊಮೊಯೆ ಹಂಡೆಯ ಆವಿಯಾಚೆ ಕಾಣುತ್ತಿದ್ದ ದೇವದಾರು ತೋಪಿನ ಕಡೆಗೆ ತಲೆ ಬಾಗಿ, ದೇಗುಲದಲ್ಲಿ ಕೈಮುಗಿಯುವಾಗಿನಂತೆ ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಬಾಗಿದಳು. ತಲೆ ಎತ್ತಲು ತುಸು ಹೊತ್ತು ಹಿಡಿಯಿತು.

"ನಾಲ್ಕನೇ ಸ್ಥಾನದೋಳಿಗೂ ಸೂಪು ಕೊಡ್ತೀಯಾ ಮಾವಾ?" ಎನ್ನುತ್ತಾ ಮಿನೋರಿ ಬಂದಳು. ಬಟ್ಟಲು ಕೈಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು, "ನೋಡ್ಲಿಲ್ಲ ಅಲ್ವಾಮ್ಮ."

"ಹರಕೆ ಇತ್ತು ಕಣೇ. ನಿನ್ನ ಕಾಲು ಮುರಿದಾಗ ಹೊತ್ತದ್ದು. ನೋಡೋದನ್ನೇ ಬಿಟ್ಟಿದ್ದೆ. ಇವತ್ತಿಗೆ ತೀರಿತು."

ಮಿನೋರಿ ಬಟ್ಟಲು ಕೆಳಗಿಟ್ಟಳು. "ಹೆದರಿಕೆಗೆ ಅನ್ಕೊಂಡಿದ್ದೆ."

"ಹೆದರಿಕೇನೂ ಇತ್ತು."

ಮಗಳು ನಕ್ಕಳು, ಮೂಗು ಒರೆಸಿಕೊಂಡಳು. "ಮೇಲಿಂದ ನೋಡಿದ್ರೆ ಕೆಳಗೆ ಬರೀ ಮುಖಗಳಮ್ಮ, ಎಲ್ಲಾ ಒಂದೇ ಥರ. ಬೆನ್ನು ಅಂತ ಇದ್ದದ್ದು ಒಂದೇ. ಹಳದಿ ಬೆನ್ನು. ಅದನ್ನ ಹುಡುಕಿಕೊಂಡೇ ನಾನು ಹೊರಡ್ತಿದ್ದದ್ದು."

ಬಹುಮಾನ ಹಂಚಿದ ಮೇಲೆ, ಆಟ ಬಿಡುವವರು ಅಂಕಗಳ ಗೊಡವೆಯಿಲ್ಲದೆ ಕೊನೆಗೊಮ್ಮೆ ಇಳಿಯುವುದು ವಾಡಿಕೆ. ಗೆಳತಿಯರು ಹೂಗುಚ್ಛ ಹಿಡಿದು ಕೆಳಗೆ ಸಾಲಾಗಿ ನಿಂತರು. ತೊಮೊಯೆ ಮೊದಲೇ ಬಂದು ಬೇಲಿ ಹಿಡಿದು, ರೆಪ್ಪೆ ಮಿಟುಕಿಸದೆ ಮೇಲೆ ನೋಡುತ್ತಿದ್ದಳು. ಅಲ್ಲಿ ಪುಟ್ಟದಾಗಿ ಕಾಣುತ್ತಿದ್ದ ಮಿನೋರಿ ಹಣೆಗೆ ಕೈ ಅಡ್ಡ ಇಟ್ಟುಕೊಂಡು ಕೆಳಗೆ ಏನನ್ನೋ ಹುಡುಕುತ್ತಾ ನಿಂತೇ ಇದ್ದಳು.

"ಇನ್ನೂ ಯಾಕೆ ಹೊರಡ್ತಿಲ್ಲ ಇವಳು?" ಎಂದ ಕುರಾಶಿನಾ.

ತೊಮೊಯೆಗೆ ತಟ್ಟನೆ ಹೊಳೆಯಿತು. ಬೇಲಿ ಬಿಟ್ಟು, ಇಳಿಜಾರಿಗೆ ಬೆನ್ನು ತಿರುಗಿಸಿ ನೆಟ್ಟಗೆ ನಿಂತಳು. ಮೇಲೆ ಹಲಗೆಯ ಸದ್ದು ಶುರುವಾಯಿತು. ಅದು ನಿಲ್ಲುವ ಮೊದಲೇ ಅವಳು ಗರ್ರನೆ ತಿರುಗಿದಳು.